ಜೋಡಿ ಇಳಿಸುವ ಕೆಲಸ

ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆಗೆ ಹೋಗುವ ರಸ್ತೆಯ ಎಡಬಲದ ಬಡಾವಣೆಗಳಲ್ಲಿ ಮನೆ ಕಟ್ಟದ ಸೈಟುಗಳು ಅಲ್ಲಲ್ಲಿ ಉಳಿದಿವೆ. ವಾರವಿಡೀ ಪಾರ್ಥೇನಿಯಂ ಬೆಳೆದು ನಿಲ್ಲುವ ಇಂಥ ಸೈಟು ಒಂದೊಂದು ಭಾನುವಾರ ವರ್ಕ್‌ಶಾಪ್ ಆಗಿಬಿಡುತ್ತದೆ. ಬಾನೆಟ್ ಕಳಚಿದ ಟಾಟಾ 407, ಪಕ್ಕದ ಮನೆಯ ಕಾಂಪೌಂಡಿಗೆ ಒರಗಿಸಿಟ್ಟ ರೇಡಿಯೇಟರ್, ಹಳೆಯ ಡಾಲ್ಡಾ ಡಬ್ಬದ ತುಂಬ ಬೋಲ್ಟು ನಟ್ಟು, ಗೋಣಿಚೀಲದ ಮೇಲೆ ಅಳತೆಯ ಪ್ರಕಾರ ಸಾಲಾಗಿ ಮಲಗಿಸಿದ ಪಾನಾಗಳು. ಗಾಡಿಯ ಮಾಲೀಕನೇ ಡ್ರೈವರು. ಮನೆ ಎದುರಿಗೇ ಇದೆ. ಒಳಗಿನಿಂದ ಎರಡು ಸಲ ಕಾಫಿ ಬಂದಾಗಿದೆ.

ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯಿಂದ ದ್ರಾಕ್ಷಿ, ತರಕಾರಿ ಹೊತ್ತು ನಗರಕ್ಕೆ ಬರುವ ಇಂಥ ಗಾಡಿಗಳಲ್ಲಿ ಬಹುಪಾಲು ಒಂಟಿ ಮಾಲೀಕರವು. ಎರಡನೆಯ ಗಾಡಿ ಇಲ್ಲ. ಗಾಡಿ ನಿಂತರೆ ಬಾಡಿಗೆ ನಿಂತಿತು, ತಿಂಗಳ ಕಂತು ಮಾತ್ರ ನಿಲ್ಲುವುದಿಲ್ಲ. ಲೋಡು ಹಾಕಿದರೆ ಏರು ಹತ್ತುವುದಿಲ್ಲ, ಎಣ್ಣೆ ಕುಡಿಯುತ್ತದೆ, ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹೊಗೆ ಬುಸುಬುಸು ಬರುತ್ತದೆ. ಇದನ್ನೇ ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಅನ್ನುತ್ತಾರೆ. ಅಷ್ಟು ಹೊತ್ತಿಗೆ ಪಿಸ್ಟನ್ ರಿಂಗು, ಲೈನರು ಸವೆದಿರುತ್ತವೆ, ಎಂಜಿನ್ ಇಳಿಸದೆ ಬೇರೆ ದಾರಿ ಇರುವುದಿಲ್ಲ. ಆಗ ಮೇಸ್ತ್ರಿ ಕೇಳುವ ಮೊದಲ ಪ್ರಶ್ನೆ ದುಡ್ಡಿನದಲ್ಲ. ಬೇರೆ ಬೇರೆ ಇಳಿಸೋದಾ, ಜೋಡಿ ಇಳಿಸೋದಾ?

ಜೋಡಿ ಎಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್. ಇವೆರಡರ ನಡುವೆ ಗಂಟೆಯಾಕಾರದ ಒಂದು ಚಿಪ್ಪು ಇದೆ, ಹೆಸರೇ ಬೆಲ್ ಹೌಸಿಂಗ್. ಅದರೊಳಗೆ ಫ್ಲೈವೀಲು, ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು. ಗೇರ್‌ಬಾಕ್ಸಿನಿಂದ ಮುಂದಕ್ಕೆ ಚಾಚಿದ ಶಾಫ್ಟು ಕ್ಲಚ್ ಪ್ಲೇಟಿನ ಹಲ್ಲುಗಳ ನಡುವೆ ತೂರಿ, ಫ್ಲೈವೀಲಿನ ನಡುವಿನ ಪುಟ್ಟ ಬೇರಿಂಗಿನಲ್ಲಿ ತುದಿ ಊರಿ ಕೂತಿರುತ್ತದೆ. ಜೋಡಿ ಕೆಲಸದ ಲಾಭ, ಅಪಾಯ ಎರಡೂ ಈ ಶಾಫ್ಟಿನ ಸುತ್ತಲೇ ಇವೆ.

ಬರೀ ಕ್ಲಚ್ ಪ್ಲೇಟ್ ಬದಲಿಸಲು ಜೋಡಿ ಇಳಿಸಬೇಕಾಗಿಲ್ಲ. ಗೇರ್‌ಬಾಕ್ಸ್ ಒಂದನ್ನೇ ಗಾಡಿಯ ಅಡಿಯಿಂದ ಇಳಿಸಿದರೆ ಸಾಕು, ತುಮಕೂರು ರಸ್ತೆಯ ಬದಿಯಲ್ಲಿ ದಿನವೂ ನಡೆಯುವ ಕೆಲಸ ಅದು. ಕ್ರ್ಯಾಂಕ್ ಗ್ರೈಂಡಿಂಗ್ ಆಗಬೇಕು, ಬ್ಲಾಕು ಬೋರಿಗೆ ಹೋಗಬೇಕು, ಇಲ್ಲವೇ ಎಂಜಿನ್ನನ್ನೇ ಬದಲಿಸಬೇಕು ಎಂದಾದಾಗ ಮಾತ್ರ ಜೋಡಿಯ ಮಾತು ಬರುತ್ತದೆ. ಆಗ ಜೋಡಿ ಇಳಿಸುವುದರಲ್ಲಿ ಒಂದು ದೊಡ್ಡ ಅನುಕೂಲವಿದೆ. ಬೆಲ್ ಹೌಸಿಂಗಿನ ಮೇಲ್ಭಾಗದ ಬೋಲ್ಟುಗಳು ಕಣ್ಣಿಗೆ ಕಾಣುವುದಿಲ್ಲ. ಗಾಡಿಯ ಮೇಲೇ ಅವನ್ನು ಬಿಚ್ಚಬೇಕೆಂದರೆ ಉದ್ದನೆಯ ಎಕ್ಸ್‌ಟೆನ್ಶನ್ ರಾಡು ಹಾಕಿ, ಬೆರಳ ತುದಿಯ ಅಂದಾಜಿನಲ್ಲಿ ಸಾಕೆಟ್ ಕೂರಿಸಬೇಕು. ವಾಪಸು ಜೋಡಿಸುವಾಗಂತೂ ಒಬ್ಬ ಅಡಿಯಲ್ಲಿ ಮಲಗಿ ಗೇರ್‌ಬಾಕ್ಸನ್ನು ಎದೆಯ ಮಟ್ಟದಲ್ಲಿ ಹಿಡಿದಿರಬೇಕು, ಇನ್ನೊಬ್ಬ ಶಾಫ್ಟಿನ ಹಲ್ಲು ಕೂರುವವರೆಗೆ ಕ್ರ್ಯಾಂಕ್ ತಿರುಗಿಸುತ್ತಿರಬೇಕು. ಆ ಹೊತ್ತಿನಲ್ಲಿ ಕೈ ಸೋತು ಗೇರ್‌ಬಾಕ್ಸಿನ ಭಾರವೆಲ್ಲ ಶಾಫ್ಟಿನ ಮೂಲಕ ಕ್ಲಚ್ ಪ್ಲೇಟಿನ ನಡುಭಾಗದ ಮೇಲೆ ಜೋತುಬಿದ್ದರೆ ಹೊಸ ಪ್ಲೇಟು ಅಲ್ಲೇ ಡೊಂಕಾಗುತ್ತದೆ. ಗಾಡಿ ಓಡಿಸುವಾಗ ಕ್ಲಚ್ ಬಿಟ್ಟೊಡನೆ ಇಡೀ ಕ್ಯಾಬಿನ್ ನಡುಗುವುದಕ್ಕೆ ಇದೂ ಒಂದು ಕಾರಣ. ಜೋಡಿಯಾಗಿ ನೆಲಕ್ಕಿಳಿಸಿಕೊಂಡರೆ ಇದೇ ಕೆಲಸ ಹಗಲ ಬೆಳಕಿನಲ್ಲಿ, ಕುಕ್ಕರಗಾಲಿನಲ್ಲಿ ಕೂತು, ಕಣ್ಣಳತೆಯಲ್ಲಿ ಮುಗಿಯುತ್ತದೆ.

ಹಾಗಾದರೆ ಎಲ್ಲರೂ ಹಾಗೇ ಯಾಕೆ ಮಾಡುವುದಿಲ್ಲ? ಭಾರ ಮತ್ತು ಉದ್ದ. 407ರಲ್ಲಿ ಬಹುಕಾಲ ಬಂದ ಎಂಜಿನ್ನಿನ ಹೆಸರು 497. ನಾಲ್ಕು ಸಿಲಿಂಡರು, ಒಂದೊಂದರ ಬೋರು 97 ಮಿಲಿಮೀಟರ್, ಹೆಸರಿನಲ್ಲೇ ಲೆಕ್ಕವಿದೆ. ಒಟ್ಟು 2956 ಸಿಸಿ. ಅದರಣ್ಣ 697 ಹಳೆಯ ದೊಡ್ಡ ಲಾರಿಗಳದ್ದು: ಆರು ಸಿಲಿಂಡರು, ಅದೇ 97ರ ಬೋರು, 5675 ಸಿಸಿ. 1954ರಲ್ಲಿ ಟಾಟಾ ಕಂಪನಿ ಜರ್ಮನಿಯ ಬೆಂಜ್ ಜೊತೆ ಕೈಜೋಡಿಸಿ ಲಾರಿ ಮಾಡಲು ಹೊರಟಾಗ ಬಂದ ವಂಶ ಅದು. ಆ ಒಪ್ಪಂದ 1969ಕ್ಕೆ ಮುಗಿದ ಮೇಲೂ ಹಿರಿಯ ಮೇಸ್ತ್ರಿಗಳ ಬಾಯಲ್ಲಿ ಟಾಟಾ ಲಾರಿ ಬೆಂಜ್ ಲಾರಿಯಾಗಿಯೇ ಉಳಿಯಿತು. 1993ರಲ್ಲಿ ಶುರುವಾದ ಟಾಟಾ ಕಮಿನ್ಸ್ ಕಂಪನಿಯ ಆರು ಸಿಲಿಂಡರ್ ಎಂಜಿನ್ ಆಮೇಲೆ ಆ ಜಾಗಕ್ಕೆ ಬಂತು. ಅದೊಂದೇ ನಾಲ್ಕು ಕ್ವಿಂಟಲ್‌ಗೂ ಹೆಚ್ಚು ತೂಗುತ್ತದೆ. ಗೇರ್‌ಬಾಕ್ಸ್ ಸೇರಿದರೆ ಅರ್ಧ ಟನ್ ದಾಟುತ್ತದೆ. ಆರು ಸಿಲಿಂಡರಿನ ಜೋಡಿಯನ್ನು ಮನೆಯ ಮುಂದೆ ಇಳಿಸಲು ಹೋಗಬಾರದು. ಅದು ಕ್ರೇನಿರುವ ಕಡೆಯ ಕೆಲಸ. ಮನೆಯ ಮುಂದೆ ಆಗುವುದು ನಾಲ್ಕು ಸಿಲಿಂಡರಿನ ಗಾಡಿ ಮಾತ್ರ. ಅದೂ ನೆಲ ಗಟ್ಟಿಯಿದ್ದರೆ.

1986ರಲ್ಲಿ ಮಾರುಕಟ್ಟೆಗೆ ಬಂದ 407ಗೆ ಮೂತಿಯಿದೆ. ಎಂಜಿನ್ನಿನ ಸ್ವಲ್ಪ ಭಾಗ ಕ್ಯಾಬಿನ್ನಿನ ಮುಂದೆ ಚಾಚಿಕೊಂಡಿದೆ, ಮೇಲೆ ಬಾನೆಟ್ ಇದೆ. ಹಾಗಾಗಿ ಮುಂದಿನ ಜಾಲರಿ, ರೇಡಿಯೇಟರು, ಅದನ್ನು ಹಿಡಿದ ಪಟ್ಟಿ ತೆಗೆದರೆ ಎಂಜಿನ್ನಿಗೆ ಮುಂಬಾಗಿಲು ತೆರೆದಂತೆ. ಮೂತಿಯಿಲ್ಲದ, ಡ್ರೈವರ್ ಪಕ್ಕದಲ್ಲೇ ಎಂಜಿನ್ ಕೂತಿರುವ ಗಾಡಿಗಳಲ್ಲಿ ಈ ಸಲೀಸು ಇಲ್ಲ.

ಕೆಲಸ ಶುರುವಾಗುವುದು ಬ್ಯಾಟರಿಯ ಅರ್ತ್ ವೈರಿನಿಂದ. ಅದನ್ನು ಕಳಚದೆ ಪಾನಾ ಮುಟ್ಟುವ ಮೇಸ್ತ್ರಿಯನ್ನು ನಂಬಬಾರದು. ಆಮೇಲೆ ನೀರು, ಎಂಜಿನ್ ಆಯಿಲ್, ಗೇರ್ ಆಯಿಲ್ ಇಳಿಸಬೇಕು. ಡೀಸೆಲ್ ಪೈಪುಗಳ ಬಾಯಿಗೆ ಪ್ಲಾಸ್ಟಿಕ್ ಕವರು ಸುತ್ತಿ ದಾರ ಬಿಗಿಯಬೇಕು. ಪಂಪಿನೊಳಗೆ ಒಂದು ಕಾಳು ಮರಳು ಹೋದರೂ ಖರ್ಚು ಸಾವಿರಗಳಲ್ಲಿ. ಸೈಲೆನ್ಸರ್ ಪೈಪು, ಆಕ್ಸಿಲರೇಟರ್ ಕೇಬಲ್ಲು, ಸ್ಪೀಡೋಮೀಟರ್ ಕೇಬಲ್ಲು, ಸ್ಟಾರ್ಟರಿನ ದಪ್ಪ ವೈರು, ಕ್ಲಚ್ಚಿನ ಪೈಪು ಒಂದೊಂದಾಗಿ ಬಿಡಬೇಕು. ಪ್ರತಿ ಬೋಲ್ಟನ್ನೂ ಬಿಚ್ಚಿದ ತೂತಿಗೇ ಎರಡು ಸುತ್ತು ಬೆರಳಲ್ಲಿ ತಿರುಗಿಸಿ ಬಿಡುವುದು ಹಳಬರ ರೂಢಿ. ಈಗಿನ ಹುಡುಗರು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುತ್ತಾರೆ. ಎರಡನ್ನೂ ಮಾಡುವವರು ಸಂಜೆ ಬೇಗ ಮನೆಗೆ ಹೋಗುತ್ತಾರೆ.

ಕ್ಯಾಬಿನ್ನಿನೊಳಗೆ ಗೇರ್ ಲಿವರಿನ ಬುಡ ಬಿಚ್ಚುವುದನ್ನು ಮರೆತರೆ ಎಲ್ಲ ಸಿದ್ಧವಾದ ಮೇಲೂ ಜೋಡಿ ಅಲ್ಲಾಡುವುದಿಲ್ಲ. ಗಾಡಿಯಡಿಯ ಪ್ರೊಪೆಲ್ಲರ್ ಶಾಫ್ಟನ್ನು ಬಿಡುವ ಮುನ್ನ ಎರಡೂ ಫ್ಲಾಂಜಿಗೆ ಅಡ್ಡಲಾಗಿ ಉಳಿಯಿಂದ ಒಂದು ಗೆರೆ ಹಾಕುವುದು ವಾಡಿಕೆ. ಅದೇ ಗೆರೆಗೆ ಅದೇ ಗೆರೆ ಕೂರಿಸಿ ಜೋಡಿಸದಿದ್ದರೆ ಅರುವತ್ತರ ವೇಗದಲ್ಲಿ ಗಾಡಿ ಅದುರತೊಡಗುತ್ತದೆ. ಕೊನೆಗೆ ಉಳಿಯುವುದು ಎಂಜಿನ್ ಫೌಂಡೇಶನ್ನು. ಎಂಜಿನ್ ಕೂತ ರಬ್ಬರಿನ ದಿಂಬುಗಳಿಗೆ ಲಾರಿಯವರು ಇಟ್ಟ ಹೆಸರು ಅದು. ಅವುಗಳ ಬೋಲ್ಟು ಬಿಚ್ಚುವ ಮುನ್ನ ಸರಪಳಿ ಬಿಗಿಯಾಗಿರಬೇಕು.

ಈ ಸರಪಳಿಯನ್ನು ನೇತುಹಾಕುವುದು ಎಲ್ಲಿಗೆ? ಮನೆಯಲ್ಲಿ ಇಂಥ ಕೆಲಸಕ್ಕೆ ಕೈಹಾಕುವವರು ಎಡವುವುದು ಇಲ್ಲೇ. ಆರ್‌.ಟಿ. ನಗರ, ಗಂಗಾನಗರದ ಹಳೆಯ ಮನೆಗಳ ಪೋರ್ಟಿಕೋಗಳಲ್ಲಿ ತಾರಸಿಗೆ ಕಬ್ಬಿಣದ ಕೊಕ್ಕೆ ಇರುವುದುಂಟು. ಹಳೆಯ ಜೀಪು ಇಟ್ಟುಕೊಂಡು ರಿಪೇರಿಯ ಹವ್ಯಾಸ ಹಚ್ಚಿಕೊಂಡವರ ಕಣ್ಣು ಮೊದಲು ಹೋಗುವುದು ಆ ಕೊಕ್ಕೆಯ ಮೇಲೆ. ಅದು ಉಯ್ಯಾಲೆಗೆಂದು ಹಾಕಿದ್ದು. ಅಜ್ಜಿ ಮೊಮ್ಮಗಳ ಭಾರಕ್ಕೆ ಲೆಕ್ಕ ಹಾಕಿದ ಕೊಕ್ಕೆಗೆ ಎಂಜಿನ್ ತೂಗುಹಾಕಿದರೆ ಕೊಕ್ಕೆ ಕಿತ್ತು ಬರುತ್ತದೆ, ಜೊತೆಗೆ ತಾರಸಿಯ ಕಾಂಕ್ರೀಟೂ ಉದುರಬಹುದು. ಬೀದಿಬದಿಯ ಮರದ ಕೊಂಬೆಯೂ ಹಾಗೇ. ಹೊರಗೆ ಹಸಿರಾಗಿರುವ ಕೊಂಬೆ ಒಳಗೆ ಟೊಳ್ಳೇ ಗಟ್ಟಿಯೇ ಎಂದು ಹೇಳಬಲ್ಲವರು ಯಾರೂ ಇಲ್ಲ.

ಭದ್ರವಾದ ದಾರಿ ಮೂರು ಕಾಲಿನ ಕಬ್ಬಿಣದ ಮುಕ್ಕಾಲಿ, ಅದಕ್ಕೆ ತೂಗುಹಾಕಿದ ಎರಡು ಟನ್ನಿನ ಚೈನ್ ಬ್ಲಾಕು. ಕೊಳ್ಳಬೇಕಾಗಿಲ್ಲ, ದಿನದ ಬಾಡಿಗೆಗೆ ಸಿಗುತ್ತದೆ. ಚೈನ್ ಬ್ಲಾಕಿನ ಗುಟ್ಟು ಅದರೊಳಗಿನ ಹಲ್ಲುಚಕ್ರಗಳಲ್ಲಿದೆ. ಕೈಸರಪಳಿಯನ್ನು ಮೀಟರುಗಟ್ಟಲೆ ಎಳೆದರೆ ಭಾರ ಏರುವುದು ಬೆರಳಿನ ಅಳತೆಯಷ್ಟು. ದೂರವನ್ನು ಕೊಟ್ಟು ಬಲವನ್ನು ಕೊಂಡಂತೆ. ಕೈ ಬಿಟ್ಟರೂ ಭಾರ ಕೆಳಗೆ ಜಾರುವುದಿಲ್ಲ, ಒಳಗಿನ ಬ್ರೇಕು ಹಿಡಿದುಕೊಳ್ಳುತ್ತದೆ. ಆದರೆ ಕೊಂಡಿಗಳಲ್ಲಿ ಒಂದು ಸವೆದಿದ್ದರೆ ಈ ಭರವಸೆಯೆಲ್ಲ ಸುಳ್ಳು. ಭಾರ ಹೊತ್ತ ಉಕ್ಕು ತುಕ್ಕು ಹಿಡಿದರೆ ಏನಾಗುತ್ತದೆ ಎಂಬುದನ್ನು ಯಶವಂತಪುರದ ಲಾರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2021ರ ಡಿಸೆಂಬರಿನಲ್ಲಿ ಪೀಣ್ಯ ಮೇಲ್ಸೇತುವೆಯ ಕೇಬಲ್ಲುಗಳು ತುಕ್ಕು ಹಿಡಿದದ್ದು ಗೊತ್ತಾಗಿ ಸಂಚಾರ ನಿಲ್ಲಿಸಿದರು. ಭಾರಿ ವಾಹನಗಳಿಗೆ ಅದು ಮತ್ತೆ ತೆರೆದದ್ದು 2024ರ ಜುಲೈನಲ್ಲಿ. ಎರಡೂವರೆ ವರ್ಷ ಲಾರಿಗಳು ಕೆಳಗಿನ ರಸ್ತೆಯಲ್ಲೇ ತೆವಳಿದವು. ಬಾಡಿಗೆಗೆ ತಂದ ಸರಪಳಿಯ ಒಂದೊಂದು ಕೊಂಡಿಯನ್ನೂ ಬೆರಳಲ್ಲಿ ಮುಟ್ಟಿ ನೋಡುವುದಕ್ಕೆ ಹತ್ತು ನಿಮಿಷ ಸಾಕು.

ಮುಕ್ಕಾಲಿಯ ಕಾಲುಗಳು ಮಣ್ಣಿನಲ್ಲಿ ಹೂತುಹೋಗದಂತೆ ಅಡಿಗೆ ದಪ್ಪ ಹಲಗೆ ಕೊಡಬೇಕು, ಮೂರನ್ನೂ ಬುಡದಲ್ಲಿ ಒಂದಕ್ಕೊಂದು ಸರಪಳಿಯಿಂದ ಬಿಗಿಯಬೇಕು. ಹಿಂದಿನ ರಾತ್ರಿ ಮಳೆ ಬಿದ್ದಿದ್ದರೆ ಕೆಲಸ ಮುಂದಿನ ಭಾನುವಾರಕ್ಕೆ.

ಈಗ ನಿಜವಾದ ಗಳಿಗೆ. ಎಂಜಿನ್ನಿನ ಮುಂದೊಂದು, ಹಿಂದೊಂದು ಎತ್ತುವ ಕಿವಿಗಳಿವೆ. ಸರಪಳಿಯನ್ನು ಎರಡಕ್ಕೂ ಸಿಕ್ಕಿಸಿ, ಬ್ಲಾಕಿನ ಕೊಕ್ಕೆಯನ್ನು ನಡುವೆ ಎಲ್ಲಿ ಹಿಡಿಸಬೇಕು ಎಂಬುದರಲ್ಲಿ ಮೇಸ್ತ್ರಿಯ ಅನುಭವವೆಲ್ಲ ಇದೆ. ಎಂಜಿನ್ ಒಂದೇ ಇದ್ದರೆ ತೂಕದ ನಡು ಎಲ್ಲೋ ಬ್ಲಾಕಿನ ಮಧ್ಯದಲ್ಲಿರುತ್ತದೆ. ಗೇರ್‌ಬಾಕ್ಸ್ ಸೇರಿದಾಗ ಅದು ಹಿಂದಕ್ಕೆ, ಬೆಲ್ ಹೌಸಿಂಗಿನ ಕಡೆಗೆ ಸರಿಯುತ್ತದೆ. ಕೊಕ್ಕೆ ಸರಿಯಾಗಿ ಅದರ ಮೇಲೇ ಬಿದ್ದರೆ ಜೋಡಿ ಮಟ್ಟಸವಾಗಿ ಏರುತ್ತದೆ, ಆದರೆ ಆಯಿಲ್ ಚೇಂಬರು ಮುಂದಿನ ಅಡ್ಡಪಟ್ಟಿಗೆ ತಗುಲಿ ನಿಲ್ಲುತ್ತದೆ. ಅದಕ್ಕೇ ಕೊಕ್ಕೆಯನ್ನು ಒಂದು ಕೊಂಡಿ ಮುಂದಕ್ಕೆ ಹಿಡಿಸುತ್ತಾರೆ. ಆಗ ಮೂತಿ ಮೇಲೆದ್ದು ಬಾಲ ಇಳಿಯುತ್ತದೆ. ಬಾಲದ ಅಡಿಗೆ ಗಾಲಿಯ ಜಾಕಿ. ನಾಲ್ಕು ಸಲ ಕೈಸರಪಳಿ ಎಳೆ, ನಿಲ್ಲು, ಸುತ್ತ ನೋಡು, ಯಾವುದಾದರೂ ವೈರು ಇನ್ನೂ ಹಿಡಿದಿದೆಯೇ? ಮತ್ತೆ ನಾಲ್ಕು ಸಲ. ಫೌಂಡೇಶನ್ನಿನ ರಬ್ಬರಿನಿಂದ ಎಂಜಿನ್ ಬಿಡುಗಡೆಯಾಗುವಾಗ ಚಾಸಿಸ್ ಒಂದು ಅಂಗುಲ ಮೇಲೇಳುತ್ತದೆ. ಮುಂದಿನ ಪಾಟಾಗಳು, ಅಂದರೆ ಲೀಫ್ ಸ್ಪ್ರಿಂಗುಗಳು, ಭಾರ ಕಳೆದು ಹಗುರಾದದ್ದು ಕಣ್ಣಿಗೇ ಕಾಣುತ್ತದೆ. ಆ ಕ್ಷಣ ಯಾರೂ ಮಾತಾಡುವುದಿಲ್ಲ.

ಮುಕ್ಕಾಲಿ ನಿಂತಲ್ಲೇ ನಿಲ್ಲುವ ವಸ್ತು, ಎಂಜಿನ್ನನ್ನು ಮುಂದಕ್ಕೆ ಒಯ್ಯಲಾರದು. ಆದ್ದರಿಂದ ಎಂಜಿನ್ ತೂಗಿದಲ್ಲೇ ಇರುತ್ತದೆ, ಗಾಡಿಯನ್ನೇ ಹಿಂದಕ್ಕೆ ತಳ್ಳುತ್ತಾರೆ. ಇಬ್ಬರು ಹಿಂದಿನ ಚಕ್ರಕ್ಕೆ ಕಲ್ಲು ಹಿಡಿದು ಸಿದ್ಧ, ಇಬ್ಬರು ಕೈಯೂರಿ ನಿಧಾನಕ್ಕೆ ದೂಡುತ್ತಾರೆ, ಮೇಸ್ತ್ರಿ ಒಂದು ಮರದ ರೀಪರಿನಿಂದ ಎಂಜಿನ್ ತೂಗಾಡದಂತೆ ಒತ್ತಿ ಹಿಡಿದಿರುತ್ತಾನೆ. ಕೈಯಿಂದಲ್ಲ, ರೀಪರಿನಿಂದ. ತೂಗುವ ಎಂಜಿನ್ನಿಗೂ ಚಾಸಿಸ್ಸಿಗೂ ನಡುವೆ ಸಿಕ್ಕ ಬೆರಳು ಉಳಿಯುವುದಿಲ್ಲ. ಗಾಳಿಯ ಬ್ರೇಕಿರುವ ದೊಡ್ಡ ಲಾರಿಗಳಲ್ಲಿ ಇನ್ನೊಂದು ತೊಡಕಿದೆ. ಎಂಜಿನ್ ಓಡದಿದ್ದರೆ ಗಾಳಿ ತುಂಬುವುದಿಲ್ಲ, ಗಾಳಿಯಿಲ್ಲದಿದ್ದರೆ ಸ್ಪ್ರಿಂಗು ಬ್ರೇಕನ್ನು ಹಿಡಿದೇ ಬಿಡುತ್ತದೆ. ಎಂಜಿನ್ ಬಿಚ್ಚುವ ಮೊದಲೇ ಇದನ್ನು ಯೋಚಿಸದವರ ಲಾರಿ ಒಂದಿಂಚೂ ಕದಲುವುದಿಲ್ಲ.

ಯಶವಂತಪುರದ ಪಾಲು ಬರುವುದು ಇಲ್ಲಿಂದ ಮುಂದೆ. ದೇವರಾಜ ಅರಸು ಟ್ರಕ್ ಟರ್ಮಿನಲ್, ಎಪಿಎಂಸಿ ಯಾರ್ಡು, ಹೆದ್ದಾರಿ ಮೂರೂ ಕೂಡುವ ಆ ಸೀಮೆಯಲ್ಲಿ ಲಾರಿಗೆ ಬೇಕಾದ ವಿದ್ಯೆಗಳೆಲ್ಲ ಪಕ್ಕಪಕ್ಕದಲ್ಲೇ ಬೆಳೆದಿವೆ: ಪಾಟಾ ಕೆಲಸದವರು, ಟಿಂಕರಿಂಗಿನವರು, ಪಂಪು ನಾಜಲ್ಲಿನವರು. ಸ್ವಲ್ಪ ಮುಂದೆ ಪೀಣ್ಯದಲ್ಲಿ ಲೇತುಗಳು. ಮನೆ ಮುಂದೆ ಬಿಚ್ಚಿದ ಬ್ಲಾಕು, ಕ್ರ್ಯಾಂಕು ಗೂಡ್ಸ್ ಆಟೊ ಏರಿ ಅಲ್ಲಿಗೇ ಹೋಗುತ್ತವೆ. ಮೈಕ್ರೊಮೀಟರ್ ಹಿಡಿದು ಸವೆತ ಅಳೆದು, ಬೋರು ಮಾಡುವುದೋ ಲೈನರು ಬದಲಿಸುವುದೋ ಎಂದು ತೀರ್ಮಾನಿಸುವ ಕೆಲಸ ಸೈಟಿನ ಧೂಳಿನಲ್ಲಿ ಆಗುವಂಥದ್ದಲ್ಲ. ಮನೆಯಲ್ಲಿ ಉಳಿಯುವುದು ಇಳಿಸುವ, ಏರಿಸುವ ಕೂಲಿ ಮಾತ್ರ. ಆ ಉಳಿತಾಯಕ್ಕಾಗಿ ಎಷ್ಟು ಅಪಾಯ ತೆಗೆದುಕೊಳ್ಳಬಹುದು ಎಂಬುದನ್ನು ಮಾಲೀಕ ಮೊದಲೇ ತೂಗಿ ನೋಡಬೇಕು.

ಕೆ.ಎಸ್‌.ಆರ್‌.ಟಿ.ಸಿ.ಯಂಥ ಸಂಸ್ಥೆಗೆ ಈ ಇಕ್ಕಟ್ಟಿಲ್ಲ. ಕೆಂಗೇರಿ, ಹಾಸನಗಳ ಪ್ರಾದೇಶಿಕ ಕಾರ್ಯಾಗಾರಗಳಲ್ಲಿ ಸಿದ್ಧಪಡಿಸಿದ ಎಂಜಿನ್ ಬಂದು ಕೂರುತ್ತದೆ, ಬಸ್ಸು ಮತ್ತೆ ರಸ್ತೆಗಿಳಿಯುತ್ತದೆ, ಕೆಟ್ಟ ಎಂಜಿನ್ ನಿಧಾನಕ್ಕೆ ರಿಪೇರಿಯಾಗುತ್ತದೆ. ಯುದ್ಧದ ಟ್ಯಾಂಕುಗಳಲ್ಲಂತೂ ಜೋಡಿ ಇಳಿಸುವುದೇ ವಿನ್ಯಾಸದ ನಿಯಮ. ಜರ್ಮನಿಯ ಲೆಪರ್ಡ್ ಟ್ಯಾಂಕಿನಲ್ಲಿ ಎಂಜಿನ್ನು, ಗೇರ್‌ಬಾಕ್ಸು, ತಂಪುಗೊಳಿಸುವ ಭಾಗ ಎಲ್ಲವೂ ಒಂದೇ ಗಂಟಾಗಿ ಮೇಲೆ ಬರುತ್ತವೆ. ಪಳಗಿದ ತಂಡಕ್ಕೆ ಅರ್ಧ ಗಂಟೆಯ ಆಸುಪಾಸಿನ ಕೆಲಸ. ಅಲ್ಲಿ ಬದಲಿ ಎಂಜಿನ್ ಪಕ್ಕದಲ್ಲೇ ಕಾದಿರುತ್ತದೆ. ಒಂದೇ ಗಾಡಿಯ ಮಾಲೀಕನಿಗೆ ಬದಲಿ ಎಲ್ಲಿಂದ ಬರಬೇಕು?

ಗುಜರಿಯಿಂದ. ಓಡುತ್ತಿದ್ದ ಗಾಡಿಯ ಎಂಜಿನ್ ಗುಜರಿಯಲ್ಲಿ ಸಿಕ್ಕರೆ ಹಳೆಯದನ್ನು ರಿಪೇರಿ ಮಾಡುವುದಕ್ಕಿಂತ ಅಗ್ಗ ಎಂಬ ಲೆಕ್ಕ ಹಲವರದ್ದು. ಆದರೆ ಆರ್‌.ಸಿ. ಪುಸ್ತಕದಲ್ಲಿ ಎಂಜಿನ್ ನಂಬರ್ ಇದೆ. ಎಂಜಿನ್ ಬದಲಾದರೆ ಆ ನಂಬರೂ ಬದಲಾಗಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇದಕ್ಕೆ ಆರ್‌ಟಿಓ ಒಪ್ಪಿಗೆ ಬೇಕು, ಒಪ್ಪಿಗೆಯಿಲ್ಲದೆ ಬದಲಿಸಿದ್ದರೆ 14 ದಿನದೊಳಗೆ ತಿಳಿಸಬೇಕು. ಯಶವಂತಪುರದ ಕೆಎ 04, ಯಲಹಂಕದ ಕೆಎ 50, ಎಲ್ಲಿಯ ಗಾಡಿಯಾದರೂ ಇದೇ ಕಾನೂನು. ಬಿಲ್ಲಿಲ್ಲದ ಎಂಜಿನ್ ಕಳವಿನ ಗಾಡಿಯದ್ದಾಗಿದ್ದರೆ ಆ ಕೇಸು ಕೊಂಡವನ ತಲೆಗೇ ಸುತ್ತಿಕೊಳ್ಳುತ್ತದೆ. ಅಪಘಾತವಾದಾಗ ವಿಮೆಯವರು ಮೊದಲು ನೋಡುವುದರಲ್ಲಿ ಆ ನಂಬರೂ ಒಂದು.

ಇಳಿಸಿದ ಎಣ್ಣೆಯ ಮಾತು ಹೇಳದಿದ್ದರೆ ಉತ್ತರ ಬೆಂಗಳೂರಿಗೆ ಅನ್ಯಾಯವಾದೀತು. ಸುಟ್ಟ ಎಂಜಿನ್ ಆಯಿಲನ್ನು ಪಕ್ಕದ ಚರಂಡಿಗೆ ಸುರಿದು ಕೈ ತೊಳೆದುಕೊಳ್ಳುವುದು ಸುಲಭ. ಇಲ್ಲಿಯ ಚರಂಡಿಗಳು ರಾಜಕಾಲುವೆ ಸೇರುತ್ತವೆ, ರಾಜಕಾಲುವೆಗಳು ಕೆರೆ ಸೇರುತ್ತವೆ. ಯಲಹಂಕ, ಜಕ್ಕೂರು, ರಾಚೇನಹಳ್ಳಿ, ಹೆಬ್ಬಾಳ, ಯಾವ ಕೆರೆಯೂ ಇಂಥ ಸೈಟಿನಿಂದ ದೂರವಿಲ್ಲ. ಬಳಸಿದ ಎಣ್ಣೆ 2016ರ ನಿಯಮಗಳಲ್ಲಿ ಅಪಾಯಕಾರಿ ತ್ಯಾಜ್ಯ ಎಂದೇ ದಾಖಲಾಗಿದೆ. ಅದನ್ನು ಕ್ಯಾನಿಗೆ ತುಂಬಿ ಪರವಾನಗಿ ಇರುವ ಸಂಗ್ರಹಗಾರರಿಗೆ ಕೊಡಬೇಕು. ಕೊಟ್ಟರೆ ಅಷ್ಟಿಷ್ಟು ದುಡ್ಡೂ ಬರುತ್ತದೆ.

ವಾಪಸು ಏರಿಸುವುದು ಇಳಿಸಿದ್ದರ ತಿರುವುಮುರುವು. ಆದರೆ ಎರಡು ಸಂಗತಿ ಮರೆಯುವಂತಿಲ್ಲ. ಎಂಜಿನ್ನಿಗೂ ಚಾಸಿಸ್ಸಿಗೂ ನಡುವಿನ ಅರ್ತ್ ಪಟ್ಟಿಯನ್ನು ಬಿಗಿಯದೆ ಸೆಲ್ಫ್ ಹೊಡೆದರೆ ಕರೆಂಟು ಬೇರೆ ದಾರಿ ಹುಡುಕಿ ಆಕ್ಸಿಲರೇಟರ್ ಕೇಬಲ್ಲಿನಲ್ಲಿ ಹರಿಯುತ್ತದೆ, ಕೇಬಲ್ಲು ಕೆಂಪಗೆ ಕಾದು ಹೊಗೆಯಾಡುತ್ತದೆ. ಎರಡನೆಯದು, ಹೊಸ ಬೇರಿಂಗುಗಳಿಗೆ ಎಣ್ಣೆ ತಲುಪುವ ಮುನ್ನ ಎಂಜಿನ್ ಹತ್ತಿಕೊಳ್ಳಬಾರದು. ಡೀಸೆಲ್ ಬಿಡದೆ, ಆಯಿಲ್ ಪ್ರೆಶರ್ ತೋರುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆದು, ಆಮೇಲೆ ಪೈಪುಗಳ ಏರ್ ತೆಗೆದು ಸ್ಟಾರ್ಟ್ ಮಾಡಬೇಕು.

2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಗಾಡಿಗಳಲ್ಲಿ ಈ ಕಸುಬಿನ ಲೆಕ್ಕವೇ ಬೇರೆ. ಬಿಚ್ಚಬೇಕಾದದ್ದು ನಾಲ್ಕಾರು ವೈರಲ್ಲ, ಇಡೀ ವೈರಿಂಗಿನ ಜಡೆ, ಹೊಗೆಯನ್ನು ಶುದ್ಧಿ ಮಾಡುವ ಸರಂಜಾಮು, ಪ್ರತಿಯೊಂದಕ್ಕೂ ಸೆನ್ಸರು. ಒಂದು ಕನೆಕ್ಟರಿನ ಕಾಲು ಬಾಗಿದರೂ ಮೀಟರಿನಲ್ಲಿ ದೀಪ ಹತ್ತಿ ಗಾಡಿ ಎಳೆಯುವುದಿಲ್ಲ. ದೋಷ ಪತ್ತೆಹಚ್ಚುವ ಯಂತ್ರವಿಲ್ಲದೆ ಅಂಥ ಗಾಡಿಯ ಜೋಡಿಯನ್ನು ಮನೆಯಲ್ಲಿ ಇಳಿಸಬಾರದು. ಹಳೆಯ 407ಗಳು ಓಡುತ್ತಿರುವಷ್ಟು ಕಾಲ ಈ ಭಾನುವಾರದ ಕೆಲಸವೂ ಇರುತ್ತದೆ.

ಅಲ್ಲಿಯವರೆಗೆ ಗಾಡಿ ಮಾಲೀಕರಲ್ಲಿ ಒಂದು ವಿನಂತಿ. ಮುಕ್ಕಾಲಿ, ಚೈನ್ ಬ್ಲಾಕುಗಳ ಬಾಡಿಗೆಯಲ್ಲಿ ಉಳಿತಾಯ ಮಾಡಬೇಡಿ. ಜಾಕಿ ಒಂದನ್ನೇ ನಂಬಿ ಯಾರನ್ನೂ ಗಾಡಿಯ ಅಡಿಗೆ ಕಳಿಸಬೇಡಿ, ಚಾಸಿಸ್ಸಿನ ಕೆಳಗೆ ಗಟ್ಟಿಯಾದ ಮರದ ದಿಮ್ಮಿ ಕೊಡಿ. ಪಾನಾ ಎತ್ತಿಕೊಡಲೆಂದು ನಿಂತ ಮಕ್ಕಳನ್ನು, ನಿಮ್ಮವೇ ಆಗಿರಲಿ ಮೇಸ್ತ್ರಿ ಕರೆತಂದ ಹುಡುಗನೇ ಆಗಿರಲಿ, ಸರಪಳಿ ಬಿಗಿಯಾಗುವ ಮೊದಲು ಮನೆಯೊಳಗೆ ಕಳಿಸಿ. ಹದಿನಾಲ್ಕರೊಳಗಿನ ಹುಡುಗನನ್ನು ಕೂಲಿಗೆ ಇಟ್ಟುಕೊಳ್ಳುವುದು 2016ರ ತಿದ್ದುಪಡಿಯಾದ ಮೇಲೆ ಎಲ್ಲ ಕಸುಬಿನಲ್ಲೂ ಅಪರಾಧ. ಎಂಜಿನ್ ನೆಲ ಮುಟ್ಟಿ ಸರಪಳಿ ಸಡಿಲವಾದ ಮೇಲೆ ಮಕ್ಕಳನ್ನು ಹೊರಗೆ ಕರೆಯಿರಿ. ಫ್ಲೈವೀಲು ಹೇಗಿರುತ್ತದೆ ಎಂದು ಆಗ ತೋರಿಸಬಹುದು.